ಪ್ರಚೇತಸ್: ಯಾರಿಗೂ ಇಲ್ಲದ ಹೆಸರು ಎಲ್ಲರಿಗೂ ಬರುವ ಲೆಕ್ಕ

ಅಮರಕೋಶದಲ್ಲಿ ವರುಣನ ಹೆಸರುಗಳನ್ನು ಹೇಳುವ ಸಾಲು ಶುರುವಾಗುವುದು ‘ಪ್ರಚೇತಾ ವರುಣಃ ಪಾಶೀ’ ಎಂದು. ಪ್ರಚೇತಸ್ ಎಂದರೆ ಅರಿವು ಹೆಚ್ಚಿದವನು. ಋಗ್ವೇದ ಇದೇ ಮಾತನ್ನು ಅಗ್ನಿಗೂ ಬಳಸುತ್ತದೆ, ವಾಲ್ಮೀಕಿಯನ್ನು ಪ್ರಾಚೇತಸ ಎಂದು ಕರೆಯುವುದೂ ಇದರಿಂದಲೇ. ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಆಗುಂಬೆ ಇರುವ ಜಿಲ್ಲೆಯಲ್ಲಿ ಗಂಡುಮಗುವಿಗೆ ನೀರಿನ ಒಡೆಯನ ಹೆಸರಿಡುವುದು ಒಪ್ಪುವ ಮಾತೇ. ತೀರ್ಥಹಳ್ಳಿ ಕಡೆಯ ನೆಂಟರೊಬ್ಬರು ಮೊಮ್ಮಗನಿಗೆ ಇದನ್ನು ಆರಿಸಿದ್ದಾರೆ. ಕಾರಣ ಮಾತ್ರ ವರುಣನೂ ಅಲ್ಲ, ವಾಲ್ಮೀಕಿಯೂ ಅಲ್ಲ. “ಜಾತಕದಲ್ಲಿ ‘ಪ’ ಬಂದಿದೆ. ಮತ್ತೆ ಈ ಹೆಸರು ಯಾರಿಗೂ ಇಲ್ಲ” ಎಂದರು.

ಈ ಎರಡು ಕಾರಣಗಳು ಒಂದಕ್ಕೊಂದು ಎದುರಾಳಿಗಳು ಎಂಬುದು ಬಹಳ ಜನರಿಗೆ ಹೊಳೆಯುವುದಿಲ್ಲ. ಅದನ್ನು ಬಿಡಿಸಿ ಹೇಳುವ ಮೊದಲು ಹೆಸರಿನ ಅರ್ಥದ ಬಗ್ಗೆ ಒಂದು ತಕರಾರು ಇದೆ, ಅದನ್ನು ಮುಗಿಸಿಬಿಡುತ್ತೇನೆ.

ಹೆಸರಿನ ಪಟ್ಟಿಗಳು ಅರ್ಥವನ್ನು ‘ಜ್ಞಾನಿ’, ‘ಸೂರ್ಯಕಿರಣ’, ‘ಶಾಂತ’ ಎಂದು ಒಂದೊಂದು ಪದದಲ್ಲಿ ಮುಗಿಸುತ್ತವೆ. ಪುರಾಣದ ಪ್ರಚೇತಸರು ಹತ್ತು ಮಂದಿ ಅಣ್ಣತಮ್ಮಂದಿರು, ಪ್ರಾಚೀನಬರ್ಹಿಯ ಮಕ್ಕಳು. ನೀರಿನೊಳಗೆ ಹತ್ತು ಸಾವಿರ ವರ್ಷ ತಪಸ್ಸು ಮಾಡಿ ಮೇಲೆ ಬಂದು ನೋಡುತ್ತಾರೆ, ಭೂಮಿಯ ತುಂಬ ಕಾಡು ಬೆಳೆದು ಕಾಲಿಡಲು ಜಾಗವಿಲ್ಲ. ಸಿಟ್ಟಿಗೆದ್ದು ಬಾಯಿಂದ ಗಾಳಿ, ಬೆಂಕಿ ಉಗುಳಿ ಮರಗಳನ್ನೆಲ್ಲ ಸುಡತೊಡಗಿದರು. ಕೊನೆಗೆ ಚಂದ್ರ ಮಧ್ಯೆ ಬಂದು, ಮರಗಳು ಸಾಕಿದ ಮಾರಿಷೆಯನ್ನು ಕೊಟ್ಟು ಮದುವೆ ಮಾಡಿಸಿ, ಉಳಿದ ಕಾಡನ್ನು ಉಳಿಸಿದ. ಮಲೆನಾಡಿನವರು ಈ ಹೆಸರಿಡುವಾಗ ಇಷ್ಟನ್ನಾದರೂ ತಿಳಿದಿದ್ದರೆ ಒಳ್ಳೆಯದು! ‘ಆರವ್’ ಕಥೆ ಇನ್ನೂ ತಮಾಷೆಯದು. ಅದಕ್ಕೆ ‘ಶಾಂತ’ ಎಂದು ಅರ್ಥ ಹೇಳುತ್ತಾರೆ; ಸಂಸ್ಕೃತದಲ್ಲಿ ಆರವ ಎಂದರೆ ಕೂಗು, ಗದ್ದಲ. ಎಳೆಗೂಸಿನ ಮಟ್ಟಿಗೆ ನಿಘಂಟಿನ ಅರ್ಥವೇ ಹೆಚ್ಚು ನಿಜ.

ಈಗ ‘ಪ’ದ ವಿಷಯ. ಪ್ರಚೇತಸರನ್ನು ತಡೆದ ಚಂದ್ರನೇ ಇಲ್ಲೂ ಬರುತ್ತಾನೆ.

ಆರಿದ್ರಾ ಮಳೆ, ಹಸ್ತೆ ಮಳೆ ಎಂದು ಅಡಿಕೆ ಬೆಳೆಗಾರರು ಲೆಕ್ಕ ಹಾಕುವ ನಕ್ಷತ್ರಗಳು ಸೂರ್ಯನವು; ಸೂರ್ಯ ಒಂದೊಂದರಲ್ಲಿ ಹದಿಮೂರು ಹದಿನಾಲ್ಕು ದಿನ ಇರುತ್ತಾನೆ. ಅದೇ 27 ಭಾಗಗಳನ್ನು ಚಂದ್ರ 27.3 ದಿನಗಳಲ್ಲಿ ಸುತ್ತಿ ಮುಗಿಸುತ್ತಾನೆ. ಒಂದು ನಕ್ಷತ್ರಕ್ಕೆ ನಾಲ್ಕು ಪಾದ, ಒಟ್ಟು 108 ಪಾದ, ಪ್ರತಿ ಪಾದಕ್ಕೆ ಒಂದು ನಾಮಾಕ್ಷರ. ಮಗು ಹುಟ್ಟಿದ ಹೊತ್ತಿನಲ್ಲಿ ಚಂದ್ರ ಯಾವ ಪಾದದಲ್ಲಿದ್ದಾನೋ ಆ ಪಾದದ ಅಕ್ಷರದಿಂದ ಹೆಸರು ಶುರುವಾಗಬೇಕು. ಉತ್ತರಾ ನಕ್ಷತ್ರಕ್ಕೆ ಟೆ, ಟೊ, ಪ, ಪಿ. ಅದರ ಮುಂದಿನ ಹಸ್ತಕ್ಕೆ ಪು, ಷ, ಣ, ಠ. ಒಂದು ಪಾದ ಅಂದರೆ ಆಕಾಶದಲ್ಲಿ 3 ಡಿಗ್ರಿ 20 ಕಲೆ (60 ಕಲೆಗೆ ಒಂದು ಡಿಗ್ರಿ), ಹುಣ್ಣಿಮೆಯ ಆರೇಳು ಚಂದ್ರರನ್ನು ಸಾಲಾಗಿ ಇಟ್ಟಷ್ಟು ಅಗಲ. ಚಂದ್ರ ತನ್ನ ಅಗಲದಷ್ಟು ದೂರ ಸರಿಯಲು ಹೆಚ್ಚುಕಡಿಮೆ ಒಂದು ಗಂಟೆ ತೆಗೆದುಕೊಳ್ಳುತ್ತಾನೆ. ಹಾಗಾಗಿ ಒಂದು ಅಕ್ಷರದ ಆಯುಸ್ಸು ಸುಮಾರು ಆರು ಗಂಟೆ.

ಇದರ ಪರಿಣಾಮವನ್ನು ನಿಧಾನವಾಗಿ ಯೋಚಿಸಿ ನೋಡಿ. ಜಾತಕದ ಲಗ್ನ, ಅಂದರೆ ಹುಟ್ಟಿದ ಹೊತ್ತಿಗೆ ಪೂರ್ವದಲ್ಲಿ ಮೂಡುತ್ತಿರುವ ರಾಶಿ, ಊರಿನಿಂದ ಊರಿಗೆ ಬದಲಾಗುತ್ತದೆ, ಚಂದ್ರನಿರುವ ಪಾದ ಬದಲಾಗುವುದಿಲ್ಲ. ಬೆಳಗಿನ ಆರರಿಂದ ಮಧ್ಯಾಹ್ನದವರೆಗೆ ಉತ್ತರಾ ಮೂರನೆಯ ಪಾದವಿದ್ದರೆ, ಆ ಹೊತ್ತಿನಲ್ಲಿ ಶಿವಮೊಗ್ಗದ ಹೆರಿಗೆ ವಾರ್ಡಿನಲ್ಲಿ ಹುಟ್ಟಿದ ಮಕ್ಕಳಿಗೆಲ್ಲ ‘ಪ’. ಸಾಗರದಲ್ಲೂ ‘ಪ’, ಸೊರಬದಲ್ಲೂ ‘ಪ’, ದುಬೈಯಲ್ಲಿ ಹುಟ್ಟಿದ ಅತ್ತೆಯ ಮಗನಿಗೂ ‘ಪ’. ಭಾರತದಲ್ಲಿ ವರ್ಷಕ್ಕೆ ಸುಮಾರು 2.3 ಕೋಟಿ ಮಕ್ಕಳು ಹುಟ್ಟುತ್ತಾರೆ. ಆರು ಗಂಟೆಯ ಪಾಲಿಗೆ ಬರುವವರು ಸುಮಾರು 16,000. ಎಲ್ಲರೂ ಪಂಚಾಂಗ ನೋಡುವುದಿಲ್ಲ, ನಿಜ. ನೋಡುವವರಷ್ಟೂ ಮಂದಿ ಅದೇ ವಾರ, ಅದೇ ಅಕ್ಷರದ ಕೆಳಗೆ, ಮೊಬೈಲಿನಲ್ಲಿ ಸಿಗುವ ಅವವೇ ಪಟ್ಟಿಗಳಲ್ಲಿ, ‘ಯಾರಿಗೂ ಇಲ್ಲದ’ ಹೆಸರನ್ನು ಹುಡುಕುತ್ತಿರುತ್ತಾರೆ.

ಅಕ್ಷರಗಳಲ್ಲೂ ಬಡವ ಬಲ್ಲಿದ ಎಂಬ ಭೇದವಿದೆ. ‘ಪ’ ಶ್ರೀಮಂತ. ಸಂಸ್ಕೃತದ ಉಪಸರ್ಗಗಳ ಪಟ್ಟಿಯಲ್ಲಿ ಮೊದಲನೆಯದೇ ‘ಪ್ರ’. ಪ್ರಕಾಶ, ಪ್ರಸಾದ, ಪ್ರಮೋದ, ಪ್ರಣವ, ಪ್ರಜ್ವಲ ಎಲ್ಲ ಅದರ ಸಂತಾನ. ಮರುದಿನದ ಹಸ್ತಕ್ಕೆ ಬನ್ನಿ. ‘ಷ’ಕ್ಕೆ ಷಣ್ಮುಖನಿದ್ದಾನೆ, ಮುಂದೆ ಕತ್ತಲೆ. ‘ಣ’ದಿಂದ ಶುರುವಾಗುವ ಹೆಸರು ಕನ್ನಡದಲ್ಲೂ ಇಲ್ಲ, ಸಂಸ್ಕೃತದಲ್ಲೂ ಇಲ್ಲ. ‘ಠ’ದಿಂದ ನೆನಪಾಗುವುದು ಠಾಣೆ, ಠೇವಣಿ, ಠಕ್ಕ. ಆ ಪಾದಗಳಲ್ಲಿ ಹುಟ್ಟಿದ ಮಕ್ಕಳಿಗೆ ಪುರೋಹಿತರು ಉಪಾಯವಾಗಿ ಹತ್ತಿರದ ಇನ್ನೊಂದು ಅಕ್ಷರ ಕೊಡುತ್ತಾರೆ. ಅಂದರೆ ಮೊದಲೇ ತುಂಬಿದ ಅಕ್ಷರಗಳ ಮೇಲೆ ಇನ್ನಷ್ಟು ಹೊರೆ.

ಇಲ್ಲಿ ನನಗೆ ಬಹಳ ಇಷ್ಟವಾದ ಸಂಗತಿಯೊಂದಿದೆ. ಚಂದ್ರನ ದಾರಿ ಪೂರ್ತಿ ವೃತ್ತವಲ್ಲ. ನಮಗೆ ಹತ್ತಿರವಿದ್ದಾಗ ದಿನಕ್ಕೆ 15 ಡಿಗ್ರಿ ಓಡುತ್ತಾನೆ, ದೂರವಿದ್ದಾಗ 12ರ ಆಸುಪಾಸಿನಲ್ಲಿ ತೆವಳುತ್ತಾನೆ. ಆದ್ದರಿಂದ ಒಂದು ಅಕ್ಷರಕ್ಕೆ ಐದೂಕಾಲು ಗಂಟೆ ಸಿಕ್ಕರೆ ಇನ್ನೊಂದಕ್ಕೆ ಆರೂಮುಕ್ಕಾಲು. ಹತ್ತಿರ ಬರುವ ಆ ಜಾಗವೂ ನಿಂತಲ್ಲಿ ನಿಲ್ಲದೆ ಸುಮಾರು 8.85 ವರ್ಷಕ್ಕೆ ಆಕಾಶವನ್ನು ಒಂದು ಸುತ್ತು ಬರುತ್ತದೆ. ‘ಪ’ಕ್ಕೆ ಒಂದು ವರ್ಷ ಹೊತ್ತು ಕಡಿಮೆಯಾಗಿದ್ದರೆ ನಾಲ್ಕೂವರೆ ವರ್ಷದ ನಂತರ ಹೆಚ್ಚಾಗಿರುತ್ತದೆ. ಶಾಲೆಯ ಹಾಜರಿಯಲ್ಲಿ ‘ಪ’ಗಳ ಸಾಲು ಉದ್ದವಾಗುವುದಕ್ಕೆ, ಗಿಡ್ಡವಾಗುವುದಕ್ಕೆ ಚಂದ್ರನ ದೀರ್ಘವೃತ್ತವೂ ಒಂದಿಷ್ಟು ಕಾರಣವಾಗಬಹುದು ಎಂದರೆ ಪುರೋಹಿತರಿಗೂ ಆಶ್ಚರ್ಯ, ಗಣಿತದ ಮೇಷ್ಟರಿಗೂ ಆಶ್ಚರ್ಯ. ಸೂರ್ಯಸಿದ್ಧಾಂತ ಎಂಬ ಪ್ರಾಚೀನ ಗ್ರಂಥದ ಹಳೆಯ ಲೆಕ್ಕವೂ ಆಕಾಶ ನೋಡಿ ತಿದ್ದಿಕೊಂಡ ದೃಗ್ಗಣಿತದ ಲೆಕ್ಕವೂ ಪಾದ ಬದಲಾಗುವ ಹೊತ್ತನ್ನು ಒಂದೇ ಆಗಿ ಹೇಳುವುದಿಲ್ಲ ಎಂಬುದು ಬೇರೆ ತಲೆನೋವು. ಭೌತವಿಜ್ಞಾನಿ ಮೇಘನಾದ ಸಹಾ ಅವರ ಅಧ್ಯಕ್ಷತೆಯ ಪಂಚಾಂಗ ಸುಧಾರಣಾ ಸಮಿತಿ 1955ರಲ್ಲಿ ವರದಿ ಕೊಟ್ಟು, 1957ರಲ್ಲಿ ರಾಷ್ಟ್ರೀಯ ಪಂಚಾಂಗ ಬಂದರೂ ಆ ಜಗಳ ತೀರಿಲ್ಲ. ಪಾದದ ಅಂಚಿನಲ್ಲಿ ಹುಟ್ಟಿದ ಮಗು ಒಂದು ಪಂಚಾಂಗಕ್ಕೆ ‘ಪ’, ಇನ್ನೊಂದಕ್ಕೆ ‘ಪಿ’. ಅಕ್ಷರದಲ್ಲೇ ಮಗುವಿನ ಹಣೆಬರಹ ಅಡಗಿದೆ ಎನ್ನುವವರು ಇದಕ್ಕೆ ಏನೆನ್ನುತ್ತಾರೋ ಕೇಳಬೇಕು.

ಅಕ್ಷರ ಸಿಕ್ಕಿದ ಮೇಲೆ ಹೆಸರು ಹರಡುವುದು ಹೇಗೆ? 2003ರಲ್ಲಿ ಮ್ಯಾಥ್ಯೂ ಹಾನ್ ಮತ್ತು ಅಲೆಕ್ಸಾಂಡರ್ ಬೆಂಟ್ಲಿ ಎಂಬ ಸಂಶೋಧಕರು ಅಮೆರಿಕದ ಇಪ್ಪತ್ತನೆಯ ಶತಮಾನದ ಮಕ್ಕಳ ಹೆಸರುಗಳನ್ನು ಇಟ್ಟುಕೊಂಡು ಒಂದು ಸರಳ ಮಾದರಿಯನ್ನು ಪರೀಕ್ಷಿಸಿದರು. ಪ್ರತಿ ಹೊಸ ಮಗು ಹಿಂದಿನ ಯಾವುದೋ ಮಗುವಿನ ಹೆಸರನ್ನು ಕಣ್ಣುಮುಚ್ಚಿ ನಕಲು ಮಾಡುತ್ತದೆ, ಆಗೊಮ್ಮೆ ಈಗೊಮ್ಮೆ ಯಾರೋ ಹೊಸದೊಂದನ್ನು ಹುಟ್ಟಿಸುತ್ತಾರೆ, ಅಷ್ಟೆ. ಅರ್ಥ, ಭಕ್ತಿ, ಸಿನಿಮಾ ಯಾವುದನ್ನೂ ಲೆಕ್ಕಕ್ಕೆ ಹಿಡಿಯದೆಯೇ ನಿಜವಾದ ಅಂಕಿಅಂಶದ ಆಕಾರ ಬಂದುಬಿಟ್ಟಿತು. ನಾಲ್ಕಾರು ಹೆಸರು ಲಕ್ಷಗಟ್ಟಲೆ ಮಂದಿಗೆ, ಸಾವಿರಾರು ಹೆಸರು ಬೆರಳೆಣಿಕೆಯವರಿಗೆ. ಮಾರಿಜಾತ್ರೆಯಲ್ಲಿ ಜನ ಮುತ್ತಿರುವ ಮಿಠಾಯಿ ಅಂಗಡಿಗೇ ಮತ್ತಷ್ಟು ಜನ ಹೋಗುವುದು ಮಿಠಾಯಿ ರುಚಿಯಾಗಿದೆ ಎಂದಲ್ಲ, ಅಲ್ಲಿ ಜನ ಕಂಡರು ಎಂದು.

ಈ ಗಣಿತ ಜೀವವಿಜ್ಞಾನದಿಂದ ಬಂದದ್ದು. ವಂಶವಾಹಿಗಳಲ್ಲಿನ ಬಹುಪಾಲು ಬದಲಾವಣೆಗಳು ಒಳ್ಳೆಯವೂ ಅಲ್ಲ, ಕೆಟ್ಟವೂ ಅಲ್ಲ, ಅದೃಷ್ಟದಿಂದ ಉಳಿದವು ಎಂದು ಜಪಾನಿನ ಮೋಟೂ ಕಿಮುರಾ 1968ರಲ್ಲಿ ವಾದಿಸಿದ್ದರು. ಅದಕ್ಕೂ ಹಿಂದೆ, 1870ರ ದಶಕದಲ್ಲೇ, ಇಂಗ್ಲೆಂಡಿನ ದೊಡ್ಡ ಮನೆತನಗಳ ಹೆಸರು ಅಳಿಯುವುದೇಕೆ ಎಂದು ಫ್ರಾನ್ಸಿಸ್ ಗಾಲ್ಟನ್ ತಲೆಕೆಡಿಸಿಕೊಂಡಿದ್ದರು. ಉತ್ತರಕ್ಕೆ ಜೊತೆಯಾದವರು ಪಾದ್ರಿಯೂ ಗಣಿತಜ್ಞರೂ ಆದ ಹೆನ್ರಿ ವಾಟ್ಸನ್. ಅವರ ದಾರಿಯಲ್ಲಿ ನಮ್ಮ ಪ್ರಚೇತಸನ ಭವಿಷ್ಯ ಹೇಳಬಹುದು, ಜ್ಯೋತಿಷ್ಯ ಬೇಡ. ಒಂದು ಹೆಸರಿಗೆ ಮುಂದಿನ ತಲೆಮಾರಿನಲ್ಲಿ ಸರಾಸರಿ ಒಂದು ನಕಲು ಸಿಗುತ್ತದೆ ಎಂದು ಹಿಡಿದರೆ, ಒಬ್ಬನೇ ಒಬ್ಬನಿಗಿರುವ ಹೆಸರು ಒಂದೇ ತಲೆಮಾರಿನಲ್ಲಿ ಅಳಿಯುವ ಸಾಧ್ಯತೆ ಶೇ 37. ಎರಡರಲ್ಲಿ ಶೇ 53, ಮೂರರಲ್ಲಿ ಶೇ 63. ಉಳಿದುಕೊಂಡರೆ ಮಾತ್ರ ಅದು ಅಪರೂಪವಾಗಿ ಉಳಿಯುವುದಿಲ್ಲ, ಬೆಳೆದೇ ಉಳಿದಿರುತ್ತದೆ. ಅಪರೂಪ ಎನ್ನುವುದು ಹೆಸರಿನ ಗುಣವಲ್ಲ, ಹೆಸರು ದಾಟಿ ಹೋಗುವ ಒಂದು ಹಂತ.

ದಾಟಿದ ಹೆಸರಿಗೆ ಇಲ್ಲೇ ಒಂದು ಸಾಕ್ಷಿಯಿದೆ. ಕುಪ್ಪಳಿ ವೆಂಕಟಪ್ಪನವರ ಮಗ ಪುಟ್ಟಪ್ಪ. ಆ ಪುಟ್ಟಪ್ಪ, ಅಂದರೆ ಕುವೆಂಪು, 1938ರಲ್ಲಿ ಹುಟ್ಟಿದ ಮಗನಿಗೆ ಪೂರ್ಣಚಂದ್ರ ತೇಜಸ್ವಿ ಎಂದೂ ಎರಡನೆಯವನಿಗೆ ಕೋಕಿಲೋದಯ ಚೈತ್ರ ಎಂದೂ ಹೆಸರಿಟ್ಟರು. ತೀರ್ಥಹಳ್ಳಿ ಸೀಮೆಯಲ್ಲಿ ಅಂದು ಈ ಎರಡೂ ಕೇಳರಿಯದ ಹೆಸರುಗಳಾಗಿದ್ದಿರಬೇಕು. ಇಂದು ತೇಜಸ್ವಿ ಎಂಬ ಹುಡುಗರು ಎಲ್ಲೆಲ್ಲೂ ಸಿಗುತ್ತಾರೆ, ಕೋಕಿಲೋದಯ ಎಂಬ ಇನ್ನೊಬ್ಬರನ್ನು ನಾನು ಕಂಡಿಲ್ಲ. ಒಂದೇ ಮನೆ, ಒಂದೇ ಕವಿಯ ಅಭಿರುಚಿ. ತೇಜಸ್ವಿಯವರ ಪುಸ್ತಕಗಳು ಹೆಸರನ್ನು ಹೊತ್ತು ತಿರುಗಿದವು ಎನ್ನಬಹುದು. ಹೆಸರು ಬಾಯಿಗೆ ಎಷ್ಟು ಹಗುರ ಎಂಬುದೂ ಲೆಕ್ಕಕ್ಕೆ ಬರುತ್ತದೆ.

ದನಿಯೂ ಅಂಟುತ್ತದೆ. ಅಮೆರಿಕದಲ್ಲಿ 2005ರ ಕತ್ರಿನಾ ಚಂಡಮಾರುತದ ನಂತರ ‘ಕ’ ದನಿಯಿಂದ ಶುರುವಾಗುವ ಹೆಸರುಗಳು ಶೇ 9ರಷ್ಟು ಹೆಚ್ಚಿದವು ಎಂದು ಒಂದು ಅಧ್ಯಯನ ತೋರಿಸಿತು. ಊರು ಮುಳುಗಿಸಿದ ಬಿರುಗಾಳಿಯ ಹೆಸರನ್ನು ಯಾರೂ ಬೇಕೆಂದು ಇಡಲಿಲ್ಲ, ಆ ದನಿ ಕಿವಿಯಲ್ಲಿ ಕೂತಿತ್ತು. ನಮ್ಮಲ್ಲಿ ಶ್ರೇಯಸ್, ತೇಜಸ್, ಓಜಸ್ ಕಿವಿಗೆ ಒಗ್ಗಿರುವುದರಿಂದ ಪ್ರಚೇತಸ್ ಅಷ್ಟು ಹೊಸತಾಗಿಯೂ ಕೇಳಿಸುವುದಿಲ್ಲ. ಬೇಗ ಏರಿದ ಹೆಸರು ಬೇಗ ಇಳಿಯುತ್ತದೆ ಎಂಬುದನ್ನೂ ಫ್ರಾನ್ಸ್ ಮತ್ತು ಅಮೆರಿಕದ ನೂರು ವರ್ಷಗಳ ದಾಖಲೆ ಹೇಳುತ್ತದೆ. ತೀರಾ ಬೇಗ ಹರಡಿದ್ದು ಬರೀ ಶೋಕಿ ಎಂದು ಜನಕ್ಕೆ ಬೇಗ ಬೇಸರ ಬರುತ್ತದೆ.

ಸಂಖ್ಯಾಶಾಸ್ತ್ರದವರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಂಸ್ಕೃತದ ಹೆಸರಿಗೆ ಇಂಗ್ಲಿಷ್ ಅಕ್ಷರಗಳ ಬೆಲೆ ಕೂಡಿಸಿ, ಒಂದು ‘ಎ’ ಜಾಸ್ತಿ ಹಾಕಿಸಿ ಶುಲ್ಕ ತೆಗೆದುಕೊಳ್ಳುತ್ತಾರೆ. ಈ ಪದ್ಧತಿಯನ್ನು ಜನಪ್ರಿಯಗೊಳಿಸಿದವನು ‘ಕೀರೋ’ ಎಂದು ಕರೆದುಕೊಂಡ ಐರ್ಲೆಂಡಿನ ಕೈನೋಟಗಾರ. ನಾಮಕರಣದ ದಿನ ಹರಿವಾಣದ ಅಕ್ಕಿಯ ಮೇಲೆ ಚಿನ್ನದ ಉಂಗುರದಿಂದ ಕನ್ನಡದಲ್ಲಿ ‘ಪ್ರಚೇತಸ್’ ಎಂದು ಬರೆಯುವಾಗ ಆ ಹೆಚ್ಚುವರಿ ‘ಎ’ ಎಲ್ಲಿ ಕೂರುತ್ತದೆ?

ನಿಜವಾಗಿ ಅಪರೂಪವಾಗುತ್ತಿರುವ ಹೆಸರುಗಳು ಹಳೆಯ ಪಹಣಿಗಳಲ್ಲಿವೆ. ಚಂದ್ರಗುತ್ತಿಯ ಗುತ್ಯಮ್ಮನಿಂದ ಗುತ್ಯಪ್ಪ, ಶಿಕಾರಿಪುರದ ಹುಚ್ಚರಾಯಸ್ವಾಮಿಯಿಂದ ಹುಚ್ಚರಾಯಪ್ಪ, ಕೊಲ್ಲೂರಿನ ಮೂಕಾಂಬಿಕೆಯಿಂದ ಮೂಕಪ್ಪ. ಹೆಸರು ಕೇಳಿದರೆ ಮನೆದೇವರು ಯಾವ ದಿಕ್ಕಿಗಿದೆ ಎಂದು ತಿಳಿಯುತ್ತಿತ್ತು. ಈಗ ತೊಟ್ಟಿಲಲ್ಲಿರುವ ಮಕ್ಕಳಲ್ಲಿ ಗುತ್ಯಪ್ಪ ಸಿಕ್ಕರೆ ನನಗೆ ತಿಳಿಸಿ.

ನೆಂಟರಿಗೆ ನಾನು ಹೇಳಿದ್ದು ಇಷ್ಟೇ. ಅಕ್ಷರಕ್ಕೆ ಆರು ಗಂಟೆಯ ಗಡುವಿರಬಹುದು, ಹೆಸರಿಗೆ ಆ ಅವಸರವಿಲ್ಲ. ಜನನವನ್ನು 21 ದಿನದೊಳಗೆ ನೋಂದಾಯಿಸಬೇಕು, ಹೆಸರಿಲ್ಲದೆಯೂ ನೋಂದಾಯಿಸಬಹುದು. ಹೆಸರನ್ನು 12 ತಿಂಗಳೊಳಗೆ ಶುಲ್ಕವಿಲ್ಲದೆ ಸೇರಿಸಬಹುದು, ಆಮೇಲೂ 15 ವರ್ಷದವರೆಗೆ ತಡದ ಶುಲ್ಕ ಕಟ್ಟಿ ಸೇರಿಸಲು ಅವಕಾಶವಿದೆ. ಅಷ್ಟರೊಳಗೆ ಪಕ್ಕದೂರಿನ ಅಂಗನವಾಡಿಯಲ್ಲಿ ಇನ್ನೊಬ್ಬ ಪ್ರಚೇತಸ್ ಇದ್ದಾನೆಯೇ ಎಂದು ವಿಚಾರಿಸಿ ನೋಡಲು ಬೇಕಾದಷ್ಟು ಸಮಯವಿದೆ.