ಲ್ಯಾಪ್‌ಟಾಪ್ ಸ್ಕ್ರೀನ್ ಒಡೆದಿದೆ, ಬದಲಾಯಿಸಲಾ ಅಥವಾ ಹೊಸ ಲ್ಯಾಪ್‌ಟಾಪ್ ತಗೊಳ್ಳಲಾ?

ಪ್ರಶ್ನೆ: ನಾನು ಡಿಗ್ರಿ ಎರಡನೇ ವರ್ಷದಲ್ಲಿದ್ದೇನೆ. ಕೀಬೋರ್ಡ್ ಮೇಲೆ ಇಯರ್‌ಫೋನ್ ಇರುವುದನ್ನು ನೋಡದೆ ಲ್ಯಾಪ್‌ಟಾಪ್ ಮುಚ್ಚಿಬಿಟ್ಟೆ. ತೆರೆದು ನೋಡಿದರೆ ಸ್ಕ್ರೀನ್ ಒಳಗೆ ಬಿರುಕು, ಒಂದು ಮೂಲೆಯಲ್ಲಿ ಶಾಯಿ ಚೆಲ್ಲಿದ ಹಾಗೆ ಕಪ್ಪು ಕಲೆ. ಲ್ಯಾಪ್‌ಟಾಪ್‌ಗೆ ನಾಲ್ಕು ವರ್ಷ ಆಗಿದೆ. ಸ್ಕ್ರೀನ್ ಹಾಕಿಸಲಾ, ಆ ದುಡ್ಡನ್ನು ಹೊಸದಕ್ಕೆ ಇಡಲಾ?

ಉತ್ತರ: ಮೊದಲು ಗಾಬರಿ ಬಿಡಿ. ನಿಮ್ಮ ನೋಟ್ಸ್, ಅಸೈನ್‌ಮೆಂಟ್, ಪ್ರಾಜೆಕ್ಟ್ ಎಲ್ಲ ಒಳಗಿನ ಡಿಸ್ಕ್‌ನಲ್ಲಿ ಇವೆ. ಸ್ಕ್ರೀನ್ ಒಡೆದ ಮಾತ್ರಕ್ಕೆ ಅವು ಹೋಗುವುದಿಲ್ಲ.

ಈಗ ಒಂದು ಎಚ್‌ಡಿಎಂಐ ಕೇಬಲ್ ಹುಡುಕಿ, ಲ್ಯಾಪ್‌ಟಾಪನ್ನು ಯಾವುದಾದರೂ ಟಿವಿಗೋ ಮಾನಿಟರ್‌ಗೋ ಜೋಡಿಸಿ. ವಿಂಡೋಸ್ ಆದರೆ ವಿಂಡೋಸ್ ಕೀ ಜೊತೆ ಪಿ ಒತ್ತಿದರೆ ಚಿತ್ರ ಎಲ್ಲಿ ಬರಬೇಕು ಎಂದು ಆರಿಸಬಹುದು. ಅಲ್ಲಿ ಚಿತ್ರ ಸರಿಯಾಗಿ ಬಂದರೆ ಮದರ್‌ಬೋರ್ಡ್, ಗ್ರಾಫಿಕ್ಸ್ ಚೆನ್ನಾಗಿವೆ, ಕೆಟ್ಟಿರುವುದು ಮುಚ್ಚಳದ ಭಾಗ ಮಾತ್ರ ಎಂದರ್ಥ. ಅಲ್ಲೂ ಗೆರೆ, ಬಣ್ಣದ ಚುಕ್ಕೆ ಕಂಡರೆ ತೊಂದರೆ ಬೇರೆ ಕಡೆ ಇದೆ, ಹೊಸ ಸ್ಕ್ರೀನ್ ಹಾಕಿಸಿದರೂ ಹೋಗುವುದಿಲ್ಲ. ಸಾಧ್ಯವಾದರೆ ಅಂಗಡಿಗೆ ಹೋಗುವ ಮೊದಲೇ ಇದನ್ನು ಮಾಡಿ. ಆ ಟಿವಿಯಲ್ಲೇ ನೋಡಿಕೊಂಡು ಮುಖ್ಯ ಫೈಲ್‌ಗಳನ್ನೂ ಬ್ಯಾಕಪ್ ಮಾಡಿಕೊಳ್ಳಿ.

ನಿಮ್ಮ ಸ್ಕ್ರೀನ್‌ನಲ್ಲಿ ಬಿರುಕು, ಕಪ್ಪು ಕಲೆ ಎರಡೂ ಇವೆ. ಹಾಗಾದರೆ ಪ್ಯಾನೆಲ್ಲೇ ಒಡೆದಿದೆ. ಎಲ್‌ಸಿಡಿ ಪ್ಯಾನೆಲ್ ಎಂದರೆ ಎರಡು ತೆಳು ಗಾಜಿನ ಹಾಳೆ, ನಡುವೆ ದ್ರವದಂಥ ಹರಳು. ಗಾಜು ಬಿರಿದಾಗ ಆ ಹರಳು ತನ್ನ ಜಾಗ ಬಿಟ್ಟು ಹರಡುತ್ತದೆ, ಕಲೆ ದಿನದಿನಕ್ಕೆ ದೊಡ್ಡದಾಗಬಹುದು. ಇದನ್ನು ಅಂಟಿಸಿ ಸರಿಮಾಡಲು ಆಗುವುದಿಲ್ಲ, ಪ್ಯಾನೆಲ್ ಬದಲಾಯಿಸಲೇಬೇಕು. ಬಿರುಕೇ ಇಲ್ಲದೆ ಸ್ಕ್ರೀನ್ ಕಪ್ಪಾದವರು ಮಾತ್ರ ಸ್ವಲ್ಪ ತಡೆಯಿರಿ. ಟಾರ್ಚ್ ಹಿಡಿದಾಗ ಮಸುಕಾಗಿ ಚಿತ್ರ ಕಂಡರೆ ಬ್ಯಾಕ್‌ಲೈಟ್, ಅಂದರೆ ಸ್ಕ್ರೀನ್ ಹಿಂದಿನ ಬೆಳಕಿನ ತೊಂದರೆ. ಮುಚ್ಚಳ ಅಲುಗಾಡಿಸಿದಾಗ ಚಿತ್ರ ಬಂದು ಹೋದರೆ ಬಹುಶಃ ಒಳಗಿಂದ ಸ್ಕ್ರೀನ್‌ಗೆ ಹೋಗುವ ಕೇಬಲ್‌ನ ತೊಂದರೆ. ಕೇಬಲ್ ಅಷ್ಟೇ ಆಗಿದ್ದರೆ ಯೋಚನೆಯೇ ಬೇಡ, ರಿಪೇರಿ ಮಾಡಿಸಿ.

ಇನ್ನು ನಿಮ್ಮ ಪ್ರಶ್ನೆಗೆ ಬರೋಣ. ಸ್ಕ್ರೀನ್‌ಗೆ ಎಷ್ಟಾಗುತ್ತದೆ ಎಂದು ಕೇಳುವ ಮೊದಲು ಇನ್ನೊಂದನ್ನು ಕೇಳಿಕೊಳ್ಳಿ: ಒಡೆಯುವ ಹಿಂದಿನ ದಿನ ಈ ಲ್ಯಾಪ್‌ಟಾಪ್ ಹೇಗಿತ್ತು? ಕ್ಲಾಸ್ ಮುಗಿಯುವವರೆಗೆ ಬ್ಯಾಟರಿ ಬರುತ್ತಿತ್ತಾ? ಹತ್ತು ಟ್ಯಾಬ್ ತೆರೆದರೆ ಸ್ಟಕ್ ಆಗುತ್ತಿತ್ತಾ? ಮುಚ್ಚಳದ ಹಿಂಜ್ ಗಟ್ಟಿಯಾಗಿತ್ತಾ? ಅವತ್ತು ನಿಮಗೆ ಅದರ ಮೇಲೆ ಯಾವ ದೂರೂ ಇರಲಿಲ್ಲ ಅಂದರೆ ಸ್ಕ್ರೀನ್ ಹಾಕಿಸಿ, ಇನ್ನೂ ವರ್ಷಗಟ್ಟಲೆ ಬರುತ್ತದೆ. ಆಗಲೇ ಬೇಸರ ತಂದಿತ್ತು ಅಂದರೆ ಹೊಸ ಸ್ಕ್ರೀನ್‌ನಲ್ಲಿ ನೋಡುವುದೂ ಅದೇ ಬೇಸರವನ್ನೇ, ಅಲ್ವಾ?

ನಾಲ್ಕು ವರ್ಷ ಜಾಸ್ತಿ ವಯಸ್ಸೇನೂ ಅಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಾಗಾಗಿ ನಿಮ್ಮದು ವಿಂಡೋಸ್ 11 ತಗೊಳ್ಳುತ್ತದಾ ನೋಡಿ. ಇಂಟೆಲ್ ಪ್ರೊಸೆಸರ್ ಆದರೆ ಹೆಚ್ಚುಕಮ್ಮಿ 8ನೇ ತಲೆಮಾರಿನಿಂದ ಈಚಿನದು ಸಾಕು, ಜೊತೆಗೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಇರಬೇಕು. 8 ಜಿಬಿ ರ‍್ಯಾಮ್ ಮತ್ತು ಎಸ್‌ಎಸ್‌ಡಿ (ವೇಗದ ಡಿಸ್ಕ್) ಇದ್ದರೆ ಓದು, ಬರಹ, ಆನ್‌ಲೈನ್ ಕ್ಲಾಸ್‌ಗೆ ಧಾರಾಳ. ಮುಂದಿನ ವರ್ಷ ವಿಡಿಯೋ ಎಡಿಟಿಂಗೋ ಮೂರು ಆಯಾಮದ ಡಿಸೈನೋ ಬರುವುದಿದ್ದರೆ ಲೆಕ್ಕ ಬೇರೆ.

ದುಡ್ಡಿನ ವಿಷಯದಲ್ಲಿ ತುಂಬಾ ಜನ ತಪ್ಪು ಮಾಡುವುದು ಒಂದೇ ಕಡೆ. ಸ್ಕ್ರೀನ್ ಖರ್ಚನ್ನು ಹೊಸ ಲ್ಯಾಪ್‌ಟಾಪ್ ಬೆಲೆಗೆ ಹೋಲಿಸುತ್ತಾರೆ. ನಿಮ್ಮದರಷ್ಟೇ ಹಳೆಯ, ಚೆನ್ನಾಗಿ ನಡೆಯುವ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಎಷ್ಟಕ್ಕೆ ಸಿಗುತ್ತದೆ, ಅದಕ್ಕೆ ಹೋಲಿಸಿ. ಬ್ಯಾಟರಿ, ಹಿಂಜ್ ಕೂಡ ಹಾಕಿಸಬೇಕಿದ್ದರೆ ಅದನ್ನೂ ಸ್ಕ್ರೀನ್ ಖರ್ಚಿಗೆ ಕೂಡಿಸಿ. ಒಟ್ಟು ಆ ಬೆಲೆಯ ಅರ್ಧ ದಾಟದಿದ್ದರೆ ನಾನಂತೂ ರಿಪೇರಿಯನ್ನೇ ಹೇಳುತ್ತೇನೆ. ಮಾಮೂಲಿ 14 ಅಥವಾ 15.6 ಇಂಚಿನ ಪ್ಯಾನೆಲ್‌ಗಳಲ್ಲಿ ಈ ಲೆಕ್ಕ ಹೆಚ್ಚಾಗಿ ರಿಪೇರಿ ಕಡೆಗೇ ವಾಲುತ್ತದೆ. ಟಚ್‌ಸ್ಕ್ರೀನ್, ಓಲೆಡ್ ಬಗೆಯ ಸ್ಕ್ರೀನ್, ಮ್ಯಾಕ್‌ಬುಕ್ ಇರುವವರಿಗೆ ಖರ್ಚು ಜಾಸ್ತಿ. ಮ್ಯಾಕ್‌ಬುಕ್‌ನಲ್ಲಿ ಸಾಮಾನ್ಯವಾಗಿ ಇಡೀ ಮುಚ್ಚಳವನ್ನೇ ಬದಲಾಯಿಸುತ್ತಾರೆ.

ವಾರಂಟಿ ಕಾಗದ ತೆಗೆದು ನೋಡಿ. ಸಾಮಾನ್ಯ ವಾರಂಟಿ ಒಡೆದದ್ದಕ್ಕೆ ಸಿಗುವುದಿಲ್ಲ, ಆದರೆ ಕೊಳ್ಳುವಾಗ ಅಪಘಾತದ ರಕ್ಷಣೆಯನ್ನು ಬೇರೆಯಾಗಿ ತಗೊಂಡಿರಬಹುದು.

ಈಗಲೇ ದುಡ್ಡಿಲ್ಲದಿದ್ದರೆ ಹಳೆಯ ಮಾನಿಟರ್‌ಗೆ ಜೋಡಿಸಿಕೊಂಡು ಕೆಲವು ತಿಂಗಳು ಓದಬಹುದು. ಕ್ಲಾಸ್‌ಗೆ ಒಯ್ಯಲು ಆಗುವುದಿಲ್ಲ ನಿಜ, ಆದರೆ ಅವಸರದಲ್ಲಿ ಸಾಲ ಮಾಡುವುದಕ್ಕಿಂತ ಇದು ಮೇಲು.

ಹಾಕಿಸುವುದೇ ಆದರೆ ಪ್ಯಾನೆಲ್ ಹಿಂದಿನ ಸ್ಟಿಕ್ಕರ್ ಮೇಲಿರುವ ಮಾಡೆಲ್ ನಂಬರ್ ನೋಡಿ ಅದಕ್ಕೆ ಹೊಂದುವುದನ್ನೇ ತರಿಸಲು ಹೇಳಿ. ಅಳತೆ ಒಂದೇ ಆದರೆ ಸಾಲದು. ಕನೆಕ್ಟರ್ 30 ಪಿನ್ನೋ 40 ಪಿನ್ನೋ, ರೆಸೊಲ್ಯೂಷನ್ (ಅಡ್ಡಕ್ಕೂ ಉದ್ದಕ್ಕೂ ಇರುವ ಚುಕ್ಕೆಗಳ ಸಂಖ್ಯೆ) ಎಷ್ಟು, ಸ್ಕ್ರೂ ಕೂರುವ ಜಾಗ ಎಲ್ಲಿ, ಎಲ್ಲವೂ ಸೇರಬೇಕು. 1920×1080 ಇದ್ದ ಕಡೆ 1366×768 ಕೂರಿಸಿದರೆ ಅಕ್ಷರ ಒರಟಾಗಿ ಕಾಣುತ್ತದೆ, ದಿನವಿಡೀ ಓದುವ ಕಣ್ಣಿಗೆ ಅದು ಕಷ್ಟ. ನೀವೇ ಬದಲಾಯಿಸುವುದಾದರೆ ಒಳಗಿನ ಬ್ಯಾಟರಿ ಕನೆಕ್ಟರ್ ತೆಗೆಯದೆ ಸ್ಕ್ರೀನ್ ಕೇಬಲ್ ಮುಟ್ಟಬೇಡಿ. ಶಾರ್ಟ್ ಆದರೆ ಬೋರ್ಡ್ ಮೇಲಿನ ಬ್ಯಾಕ್‌ಲೈಟ್ ಫ್ಯೂಸ್ ಹೋಗಬಹುದು.

ವಾಪಸ್ ತಗೊಳ್ಳುವಾಗ ಅಂಗಡಿಯಲ್ಲೇ ಹತ್ತು ನಿಮಿಷ ಕೂತು ನೋಡಿ. ಪೂರ್ತಿ ಬಿಳಿ, ಪೂರ್ತಿ ಕಪ್ಪು ಚಿತ್ರ ಹಾಕಿ ಸತ್ತ ಪಿಕ್ಸೆಲ್ (ಕೆಲಸ ಮಾಡದ ಚುಕ್ಕೆ) ಹುಡುಕಿ. ಮುಚ್ಚಳ ನಾಲ್ಕು ಸಲ ತೆರೆದು ಮುಚ್ಚಿ. ಕ್ಯಾಮೆರಾ ನೋಡಿ, ವೈಫೈ ಕೂಡ ನೋಡಿ. ತುಂಬಾ ಲ್ಯಾಪ್‌ಟಾಪ್‌ಗಳಲ್ಲಿ ವೈಫೈ ಆಂಟೆನಾ ತಂತಿ ಈ ಮುಚ್ಚಳದ ಒಳಗೇ ಹಾದುಹೋಗುತ್ತದೆ, ಬಿಚ್ಚಿ ಹಾಕುವಾಗ ಅದು ಸಿಕ್ಕಿಕೊಂಡು ತುಂಡಾಗುವುದುಂಟು.