ಬೆವರಿದ ಕಿವಿಯ ಹಿಂದೆ ಮರ್ಮ ಹುಡುಕುತ್ತಾ

ಧಾರವಾಡದ ಗರಡಿ ಮನೆಯೊಂದರಲ್ಲಿ ನಾನು ನಗೆಪಾಟಲಾದ ಕಥೆ ಮೊದಲು ಹೇಳಿಬಿಡುತ್ತೇನೆ. ಕಿವಿಯ ಹಾಲೆಯ ಹಿಂದೆ, ದವಡೆಯ ಪಕ್ಕದ ತಗ್ಗನ್ನು ಹೆಬ್ಬೆರಳಿನಿಂದ ಒತ್ತುವುದನ್ನು ಹುಬ್ಬಳ್ಳಿಯ ಕರಾಟೆ ಕ್ಲಾಸಿನಲ್ಲಿ ಕಲಿತಿದ್ದೆ. ಅಲ್ಲಿ ಒತ್ತಿಸಿಕೊಂಡವರೆಲ್ಲ 'ಅಯ್ಯಯ್ಯೋ' ಎಂದು ಕುಸಿದಿದ್ದರು. ಗರಡಿಯ ಕೆಮ್ಮಣ್ಣಿನಲ್ಲಿ ಹುಡುಗನೊಬ್ಬನ ಮೇಲೆ ಅದನ್ನೇ ಮಾಡಹೋದೆ. ಬೆವರಿಗೆ ಬೆರಳು ಜಾರಿತು. ಮತ್ತೆ ಹುಡುಕುವಷ್ಟರಲ್ಲಿ ಅವನು ನನ್ನ ಸೊಂಟ ಹಿಡಿದು ಎತ್ತಿಯಾಗಿತ್ತು. "ಕಿವ್ಯಾಗ ಏನ್ ಹುಡಕಾಕತ್ತೀರಿ ಸರ?"

ಮರ್ಮ, ಅಂದರೆ ಒತ್ತಿದರೆ ಇಲ್ಲವೇ ಪೆಟ್ಟು ಬಿದ್ದರೆ ವಿಪರೀತ ಬಾಧಿಸುವ ಮೈಯ ನಾಜೂಕು ಜಾಗ, ಎಂಬುದು ಸುಳ್ಳೇನಲ್ಲ. ಮೊಣಕೈ ಬಾಗಿಲ ಚೌಕಟ್ಟಿಗೆ ಬಡಿದಾಗ ಕಿರುಬೆರಳಿನವರೆಗೂ ಜುಮ್ಮೆನ್ನುತ್ತದಲ್ಲ, ಅದು ಅಲ್ನಾರ್ ನರದ ಕೆಲಸ. ಅಲ್ಲಿ ನರ ಎಲುಬಿನ ಹಿಂದಿನ ತೋಡಿನಲ್ಲಿ, ಚರ್ಮದ ಕೆಳಗೇ ಹಾಯುತ್ತದೆ. ಪೆಟ್ಟು ತಡೆಯಲು ದಪ್ಪ ಸ್ನಾಯುವಿಲ್ಲ. ಸುಶ್ರುತ ಸಂಹಿತೆ 107 ಮರ್ಮಗಳನ್ನು ಎಣಿಸುತ್ತದೆ. ಶಸ್ತ್ರವೈದ್ಯನ ಕತ್ತಿ ಅವುಗಳಿಂದ ದೂರವಿರಲಿ ಎಂಬ ಎಚ್ಚರಿಕೆಯೂ ಅಲ್ಲಿದೆ. ನಾವು ಹೊಡೆದಾಟದವರು ಅಷ್ಟನ್ನು ಮರೆತು ಎಣಿಕೆ ಮಾತ್ರ ಇಟ್ಟುಕೊಂಡಿದ್ದೇವೆ.

ಆದರೆ ನೋವು ನರದಲ್ಲೇ ತೀರ್ಮಾನವಾಗುವುದಿಲ್ಲ. ಎರಡನೇ ಮಹಾಯುದ್ಧದಲ್ಲಿ ತೀವ್ರವಾಗಿ ಗಾಯಗೊಂಡ ಸೈನಿಕರಲ್ಲಿ ಹಲವರು ನೋವಿನ ಔಷಧಿಯನ್ನೇ ಕೇಳಲಿಲ್ಲವೆಂದು ಅಮೆರಿಕದ ವೈದ್ಯ ಹೆನ್ರಿ ಬೀಚರ್ 1946ರಲ್ಲಿ ಬರೆದರು. ಅಪಾಯದ ಹೊತ್ತಿನಲ್ಲಿ ಮಿದುಳು ಬೆನ್ನುಹುರಿಗೆ ಸಂಕೇತ ಇಳಿಸಿ, ಮೇಲೇರುವ ನೋವನ್ನು ಅಲ್ಲೇ ತಗ್ಗಿಸಬಲ್ಲದು. ಕ್ಲಾಸಿನಲ್ಲಿ ಆಗುವುದು ಇದರ ಉಲ್ಟಾ: ಜೊತೆಗಾರ ಸುಮ್ಮನೆ ನಿಂತು ನೋವಿಗೇ ಕಾಯುತ್ತಿರುತ್ತಾನೆ, ಕಾದಷ್ಟೂ ಅದು ಹೆಚ್ಚುತ್ತದೆ. ಗುರುಗಳ ಮರ್ಯಾದೆಗೆ ಒಂದಿಷ್ಟು ಹೆಚ್ಚೇ ಕೂಗುವುದೂ ಉಂಟು!

ಜಪಾನಿನ ಕಾನೋ ಜಿಗೊರೊ 1882ರಲ್ಲಿ ಜೂಡೋ ಕಟ್ಟಿದಾಗ, ಮರ್ಮಕ್ಕೆ ಹೊಡೆಯುವ ಪೆಟ್ಟುಗಳನ್ನು ಮೊದಲೇ ಗೊತ್ತುಮಾಡಿದ ವರಸೆಗಳಿಗೆ ಸೀಮಿತಗೊಳಿಸಿ, ಬಿಡುಸೆಣಸಾಟದಿಂದ ಹೊರಗಿಟ್ಟರು. ಹಾಗಾಗಿ ಉಳಿದ ಪಟ್ಟುಗಳನ್ನು ಪೂರ್ತಿ ಬಲ ಹಾಕಿ, ಪ್ರತಿರೋಧಿಸುವವನ ಮೇಲೆ ಪಳಗಿಸಲು ಬಂತು. ನಮ್ಮ ಕುಸ್ತಿ ಮಾಡಿಕೊಂಡು ಬಂದದ್ದೂ ಇದನ್ನೇ.

"ಮದ್ಲ ತೆಲಿ ಹಿಡೀರಿ, ಆಮ್ಯಾಗ ಏನರ ಒತ್ತರಿ," ಅಂದರು ಉಸ್ತಾದರು. ತಲೆಯನ್ನು ತೋಳಲ್ಲಿ ಸುತ್ತಿ ಎದೆಗೆ ಅವುಚಿಕೊಂಡರೆ ಅದಕ್ಕೆ ಹಿಂದೆ ಸರಿಯಲು ಜಾಗವಿರುವುದಿಲ್ಲ; ಬೆರಳಿನ ಒತ್ತಡವೆಲ್ಲ ಆ ತಗ್ಗಿಗೇ ಬೀಳುತ್ತದೆ. ಜೊತೆಗಾರ ಮೊದಲು ಅರ್ಧ ಬಲದಲ್ಲಿ ಕೊಸರಾಡುತ್ತಾನೆ, ಆಮೇಲೆ ಪೂರ್ತಿ. ಎರಡು ಸಲ ತಟ್ಟಿದರೆ ತಕ್ಷಣ ಬಿಡಬೇಕು, ನೋವಾಗದಿದ್ದರೆ ಅವನು ತಟ್ಟಲೇಬಾರದು. ಕೊರಳಿನ ಪಕ್ಕಕ್ಕೆ ಮಾತ್ರ ಏಟು ಬೇಡವೇ ಬೇಡ: ಅಲ್ಲಿನ ಪೆಟ್ಟಿಗೆ ರಕ್ತದೊತ್ತಡ ಕುಸಿಯಬಹುದು, ರಕ್ತನಾಳದ ಒಳಪದರ ಹರಿದು ಪಾರ್ಶ್ವವಾಯುವೂ ಆಗಬಹುದು.

ಹೋದ ವಾರ ಅದೇ ಹುಡುಗನ ಮೇಲೆ ಹತ್ತು ಸಲ ಪ್ರಯತ್ನಿಸಿದೆ. ಮೂರು ಸಲ ಜಾಗ ಸಿಕ್ಕಿತು. ಒಮ್ಮೆಯೂ ಅವನು ಕೂಗಲಿಲ್ಲ. ಮೂರನೆಯ ಸಲ ಮುಖವನ್ನಷ್ಟೇ ಆಚೆ ತಿರುಗಿಸಿದ. ಆ ತಿರುವಿನಲ್ಲಿ ಭಾರವೆಲ್ಲ ಎಡಗಾಲಿಗೆ ಬಂತು, ನಾನು ಆ ಕಾಲನ್ನು ಹಿಡಿದೆ.