ಎಂಇಎಲ್: ಕೆಟ್ಟ ಉಪಕರಣವಿದ್ದೂ ವಿಮಾನ ಹಾರುವುದು ಹೇಗೆ?

ಹುಬ್ಬಳ್ಳಿಯ ಗೋಕುಲ ರಸ್ತೆಯ ವಿಮಾನ ನಿಲ್ದಾಣದಲ್ಲಿ ‘ತಾಂತ್ರಿಕ ಕಾರಣದಿಂದ ವಿಳಂಬ’ ಎಂಬ ಪ್ರಕಟಣೆ ಕೇಳಿದೊಡನೆ ಪ್ರಯಾಣಿಕರಲ್ಲಿ ಎರಡು ಬಗೆಯ ಮಾತು ಏಳುತ್ತದೆ. ಸಣ್ಣ ದೋಷಕ್ಕೆ ಇಷ್ಟು ಹೊತ್ತೇಕೆ ಎಂಬುದು ಒಂದು, ದೋಷವಿದ್ದ ವಿಮಾನವನ್ನು ಹಾರಿಸುವುದಾದರೂ ಹೇಗೆ ಎಂಬುದು ಇನ್ನೊಂದು. ಈ ಎರಡಕ್ಕೂ ಉತ್ತರ ಸಿಗುವುದು ಎಂಇಎಲ್, ಅಂದರೆ ‘ಮಿನಿಮಮ್ ಇಕ್ವಿಪ್‌ಮೆಂಟ್ ಲಿಸ್ಟ್’ ಎಂಬ ಕೈಪಿಡಿಯಲ್ಲಿ.

ಯಾವ ಉಪಕರಣ ಕೆಟ್ಟಿದ್ದರೂ ವಿಮಾನ ಹೊರಡಬಹುದು, ಯಾವ ಷರತ್ತಿನ ಮೇಲೆ, ಎಷ್ಟು ದಿನಗಳವರೆಗೆ ಎಂಬ ವಿವರ ಅದರಲ್ಲಿರುತ್ತದೆ. ವಿಮಾನದ ಮಾದರಿಗೊಂದು ಮೂಲಪಟ್ಟಿ ಇರುತ್ತದೆ. ಅದನ್ನು ಆಧರಿಸಿ ಪ್ರತಿ ವಿಮಾನಯಾನ ಸಂಸ್ಥೆ ತನ್ನದೇ ಪಟ್ಟಿ ಮಾಡಿಕೊಂಡು, ನಮ್ಮ ದೇಶದಲ್ಲಾದರೆ ವಿಮಾನಯಾನದ ನಿಯಂತ್ರಕ ಸಂಸ್ಥೆಯಾದ ಡಿಜಿಸಿಎಯ ಒಪ್ಪಿಗೆ ಪಡೆಯುತ್ತದೆ. ಮೂಲಪಟ್ಟಿಗಿಂತ ಬಿಗಿಯಾದ ನಿಯಮ ಹಾಕಿಕೊಳ್ಳಲು ಅಡ್ಡಿಯಿಲ್ಲ, ಸಡಿಲಿಸುವಂತಿಲ್ಲ. ಸುರಕ್ಷಿತ ಹಾರಾಟಕ್ಕೆ ಬೇಕಾದ ಭಾಗವೊಂದು ಪಟ್ಟಿಯಲ್ಲಿ ಇಲ್ಲವೆಂದರೆ, ಅದು ಸರಿಯಿರಲೇಬೇಕು ಎಂದೇ ಅರ್ಥ.

ಏರ್‌ಬಸ್ 320 ಮಾದರಿಯ ವಿಮಾನದ ಬಾಲದಲ್ಲಿ ಎಪಿಯು ಎಂಬ ಸಣ್ಣ ಟರ್ಬೈನ್ ಇದೆ. ನೆಲದ ಮೇಲೆ ನಿಂತಾಗ ವಿದ್ಯುತ್ತು, ಎಸಿಗೆ ಗಾಳಿ, ಎಂಜಿನ್ ಚಾಲೂ ಮಾಡಲು ಬೇಕಾದ ಒತ್ತಡದ ಗಾಳಿ, ಇವೆಲ್ಲ ಅದರಿಂದಲೇ ಬರುತ್ತವೆ. ಅದು ಕೆಟ್ಟರೂ ವಿಮಾನ ಹಾರಬಹುದು. ಆದರೆ ತಲುಪುವ ನಿಲ್ದಾಣದಲ್ಲಿ ನೆಲದಿಂದಲೇ ವಿದ್ಯುತ್ತನ್ನೂ ಗಾಳಿಯನ್ನೂ ಒದಗಿಸುವ ಯಂತ್ರಗಳು ಸಿದ್ಧವಿವೆಯೇ ಎಂದು ಮೊದಲು ವಿಚಾರಿಸಬೇಕು, ಇಲ್ಲವೆಂದರೆ ಬೇರೆ ದಾರಿ ಅಥವಾ ಬೇರೆ ವಿಮಾನ ಹುಡುಕಬೇಕು. ದೊಡ್ಡ ನೆಲೆಗಳಲ್ಲಿ ಇದು ತಲೆನೋವಲ್ಲ, ಸಣ್ಣ ನಿಲ್ದಾಣಗಳಿಗೆ ಹೊರಟಾಗ ತಲೆನೋವೇ. (ಎಟಿಆರ್ 72 ಎಂಬ ಪ್ರೊಪೆಲ್ಲರ್ ವಿಮಾನದಲ್ಲಿ ಎಪಿಯು ಇಲ್ಲವೇ ಇಲ್ಲ. ಪ್ರೊಪೆಲ್ಲರ್‌ಗೆ ಬ್ರೇಕ್ ಹಾಕಿ ಬಲಗಡೆಯ ಎಂಜಿನ್ ಒಂದನ್ನೇ ಓಡಿಸಿ ಆ ಕೆಲಸ ತೀರಿಸಿಕೊಳ್ಳುವ ವ್ಯವಸ್ಥೆ ಅದಕ್ಕಿದೆ.)

ದುರಸ್ತಿಗೆ ಗಡುವೂ ಉಂಟು, ಅದಕ್ಕಾಗಿ ಪಟ್ಟಿಯ ಉಪಕರಣಗಳನ್ನು ನಾಲ್ಕು ವರ್ಗ ಮಾಡಿರುತ್ತಾರೆ. ದೋಷ ದಾಖಲಾದ ದಿನವನ್ನು ಬಿಟ್ಟು ‘ಬಿ’ ವರ್ಗಕ್ಕೆ 3 ದಿನ, ‘ಸಿ’ಗೆ 10, ‘ಡಿ’ಗೆ 120. ‘ಎ’ ವರ್ಗದ ಗಡುವನ್ನು ಆಯಾ ಉಪಕರಣದ ಎದುರಿಗೇ ಬರೆದಿರುತ್ತಾರೆ.

ಇಷ್ಟೆಲ್ಲ ವಿಮಾನ ಹೊರಡುವ ಮುನ್ನಿನ ಮಾತು. ಆಕಾಶದಲ್ಲಿರುವಾಗ ಎಚ್ಚರಿಕೆಯ ದೀಪ ಹೊತ್ತಿಕೊಂಡರೆ ಪೈಲಟ್‌ಗಳು ಎಂಇಎಲ್ ಹಿಡಿದು ಕೂರುವುದಿಲ್ಲ, ಅಲ್ಲಿ ನಡೆಯುವುದು ತುರ್ತು ಚೆಕ್‌ಲಿಸ್ಟ್. ಕೆಂಪು ಬಣ್ಣದ ಎಚ್ಚರಿಕೆ ಬಂದರೆ ತಕ್ಷಣ ಕ್ರಮ ಕೈಗೊಳ್ಳಬೇಕು. ಹಳದಿಯಾದರೆ ತಕ್ಷಣ ಗಮನಿಸಬೇಕು, ಕ್ರಮ ಆಮೇಲೆ. ಒಬ್ಬ ಪೈಲಟ್ ವಿಮಾನ ಹಾರಿಸುವುದನ್ನಷ್ಟೇ ನೋಡಿಕೊಳ್ಳುತ್ತಾನೆ, ಇನ್ನೊಬ್ಬ ಚೆಕ್‌ಲಿಸ್ಟ್ ಓದಿ ಒಂದೊಂದೇ ಹಂತವನ್ನು ಪೂರೈಸುತ್ತಾನೆ. ಈ ಕೆಲಸದ ಹಂಚಿಕೆ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ 1972ರ ಡಿಸೆಂಬರ್ 29ರ ರಾತ್ರಿ ಅಮೆರಿಕದ ಮಯಾಮಿ ಬಳಿ ಬಿದ್ದ ಈಸ್ಟರ್ನ್ ಏರ್‌ಲೈನ್ಸ್ 401 ವಿಮಾನವೇ ಸಾಕ್ಷಿ. ಮುಂಚಕ್ರ ಇಳಿದಿದೆ ಎಂದು ತೋರಿಸುವ ದೀಪದ ಬಲ್ಬು ಸುಟ್ಟಿತ್ತು, ಚಕ್ರವೇನೋ ಸರಿಯಾಗಿಯೇ ಇಳಿದಿತ್ತು. ಕಾಕ್‌ಪಿಟ್‌ನಲ್ಲಿದ್ದವರೆಲ್ಲ ಆ ಬಲ್ಬಿನ ಹಿಂದೆ ಬಿದ್ದಾಗ, ಎತ್ತರ ಕಾಯುತ್ತಿದ್ದ ಆಟೊಪೈಲಟ್‌ನ ಹಿಡಿತ ತಪ್ಪಿದ್ದು ಯಾರ ಗಮನಕ್ಕೂ ಬರಲಿಲ್ಲ. ವಿಮಾನ ನಿಧಾನವಾಗಿ ಇಳಿಯುತ್ತ ಜವುಗು ನೆಲಕ್ಕೆ ಬಡಿಯಿತು. ಅದರಲ್ಲಿದ್ದ 176 ಜನರಲ್ಲಿ 101 ಜನ ಸತ್ತರು.

ಚೆಕ್‌ಲಿಸ್ಟ್ ಮುಗಿದ ಬಳಿಕ ಎಲ್ಲಿ ಇಳಿಯಬೇಕು ಎಂಬ ಪ್ರಶ್ನೆ ಬರುತ್ತದೆ. ‘ಹುಬ್ಬಳ್ಳಿಗೆ ಹೊರಟ ವಿಮಾನ ಬೆಂಗಳೂರಿಗೆ ವಾಪಸ್’ ಎಂಬ ಸುದ್ದಿ ಓದಿ ಗಾಬರಿಯಾಗುವವರು ಈ ಲೆಕ್ಕವನ್ನು ಗಮನಿಸಬೇಕು. ರೆಕ್ಕೆಯ ಹಿಂಬದಿಯ ಫ್ಲ್ಯಾಪ್‌ಗಳು ಪೂರ್ತಿ ಹೊರಬಾರದಿದ್ದರೆ ವಿಮಾನ ಹೆಚ್ಚಿನ ವೇಗದಲ್ಲಿಯೇ ಇಳಿಯಬೇಕಾಗುತ್ತದೆ, ಹಾಗಾಗಿ ನಿಲ್ಲುವುದಕ್ಕೆ ಹೆಚ್ಚು ರನ್‌ವೇ ಬೇಕು. ಹುಬ್ಬಳ್ಳಿಯ ರನ್‌ವೇ 2,600 ಮೀಟರ್, ಬೆಂಗಳೂರಿನದು 4,000 ಮೀಟರ್. ಎಂಜಿನಿಯರುಗಳೂ ಬಿಡಿಭಾಗಗಳೂ ಅಲ್ಲಿ ಬೇಗ ಸಿಗುತ್ತವೆ. ನನ್ನ ದೃಷ್ಟಿಯಲ್ಲಿ ಹಾಗೆ ಹಿಂದಿರುಗಿದ ಪೈಲಟ್ ಲೆಕ್ಕ ಸರಿಯಾಗಿ ಹಾಕಿದ್ದಾನೆ.

ಇಳಿದ ಮೇಲೆ ಪೈಲಟ್ ಕಂಡದ್ದನ್ನು ಟೆಕ್‌ಲಾಗ್ ಪುಸ್ತಕದಲ್ಲಿ ಬರೆಯುತ್ತಾನೆ. ಎಂಜಿನಿಯರ್ ಪರೀಕ್ಷಿಸಿ, ಒಂದೋ ದುರಸ್ತಿ ಮಾಡುತ್ತಾನೆ, ಇಲ್ಲವೇ ಎಂಇಎಲ್ ನೋಡಿ ಕೆಟ್ಟ ಉಪಕರಣದ ಗುಂಡಿಯ ಪಕ್ಕ ‘ಇನಾಪ್’ (ಕೆಲಸ ಮಾಡುತ್ತಿಲ್ಲ) ಎಂಬ ಚೀಟಿ ಅಂಟಿಸಿ, ಗಡುವು ಬರೆದು ಸಹಿ ಹಾಕುತ್ತಾನೆ. ಆಗಲೂ ಹೊರಡಲೇಬೇಕೆಂಬ ಕಡ್ಡಾಯ ಕ್ಯಾಪ್ಟನ್‌ಗೆ ಇಲ್ಲ. ಹವಾಮಾನ ರೇಡಾರ್ ಕೆಟ್ಟಿದೆ, ದಾರಿಯಲ್ಲಿ ಗುಡುಗು ಮಳೆಯ ಮುನ್ಸೂಚನೆ ಇಲ್ಲದ್ದರಿಂದ ಎಂಇಎಲ್ ಹೊರಡಲು ಒಪ್ಪುತ್ತದೆ ಎಂದುಕೊಳ್ಳೋಣ. ಆದರೆ ಮೇ ತಿಂಗಳ ಸಂಜೆ ಧಾರವಾಡದ ಕಡೆ ಮೋಡ ಕವಿಯುವ ರೀತಿ ಬಲ್ಲ ಕ್ಯಾಪ್ಟನ್, ಮುನ್ಸೂಚನೆ ಏನೇ ಹೇಳಲಿ, ರೇಡಾರ್ ಸರಿಯಾಗುವ ತನಕ ಈ ವಿಮಾನ ತನಗೆ ಬೇಡ ಎನ್ನಬಹುದು.